ಒಂದೇ ಗೂಡಿನ ಎರಡು ಶೀಷೆ

ನಮ್ಮ ಹಳ್ಳಿಯ ಮನೆಯಲ್ಲಿ, ನಡುಮನೆಯ ಗೋಡೆಗೆ ಒಂದು ಗೂಡಿತ್ತು. ತಿಪಟೂರು ಸೀಮೆಯ ಹಳೆಯ ಮಣ್ಣುಗೋಡೆಯ ಮನೆಗಳನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಕಿಪೊಟ್ಟಣ, ಅಪ್ಪನ ಕನ್ನಡಕ, ಕೊಬ್ಬರಿ ಲೆಕ್ಕದ ಚೀಟಿಗಳು, ಎಲ್ಲವೂ ಅಲ್ಲೇ ಇರುತ್ತಿದ್ದವು. ಅವುಗಳ ಹಿಂದೆ, ಗೋಡೆಗೆ ಒತ್ತಿಕೊಂಡು, ಕಂದು ಗಾಜಿನ ಎರಡು ಶೀಷೆಗಳಿದ್ದವು. ಒಂದು ಅಪ್ಪನದು, ಇನ್ನೊಂದು ಅಕ್ಕನದು. ಅಪ್ಪನ ಶೀಷೆ ಎಂದೋ ಖಾಲಿಯಾಗಿ, ಅವ್ವ ಅದರಲ್ಲಿ ಓಮ ತುಂಬಿಟ್ಟಿದ್ದಳು. ಅಕ್ಕನ ಶೀಷೆಯಲ್ಲಿ ಮಾತ್ರೆಗಳು ಮುಕ್ಕಾಲು ಪಾಲು ಹಾಗೆಯೇ ಉಳಿದಿದ್ದವು. ಆ ಮುಕ್ಕಾಲು ಪಾಲಿನ ಲೆಕ್ಕವನ್ನು ನಾನು ಇವತ್ತಿಗೂ ತೀರಿಸಿಲ್ಲ. ಈ ಬರಹ ಆ ಲೆಕ್ಕದ್ದೇ.

ಮೂವತ್ತೈದು ವರ್ಷ ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಔಷಧಿ ಅಂಗಡಿ ನಡೆಸಿದವನು. ವೈದ್ಯನಲ್ಲ. ಆದರೆ ಮಾರುವ ಮದ್ದಿನ ಹಿಂದುಮುಂದು ತಿಳಿಯಬೇಕೆಂಬ ಚಪಲ ಮೊದಲಿನಿಂದ ಇತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕೂತು ಓದುತ್ತಿದ್ದಾಗ ಒಂದು ದಿನ ಗೊತ್ತಾದ ಸಂಗತಿ ಎಂದರೆ, ನಮ್ಮ ಗೂಡಿನಲ್ಲಿ ಅಕ್ಕಪಕ್ಕ ಕೂತಿದ್ದ ಆ ಎರಡು ಶೀಷೆಗಳು ಒಂದು ದೊಡ್ಡ ಚರಿತ್ರೆಯ ಎರಡು ಕವಲುಗಳು. ಮನಸ್ಸಿನ ಖಿನ್ನತೆಗೆ ಜಗತ್ತು ಮೊದಲು ಕಂಡುಕೊಂಡ ಮದ್ದುಗಳು ಎರಡು ಬಗೆಯವು. ಎರಡೂ ಬೆಳಕಿಗೆ ಬಂದದ್ದು 1957ರಲ್ಲಿ. ಎರಡನ್ನೂ ಯಾರೂ ಖಿನ್ನತೆಗೆಂದು ಹುಡುಕಿರಲಿಲ್ಲ. ಒಂದರ ಬೇರು ಅಪ್ಪನ ಶೀಷೆಯಲ್ಲಿತ್ತು. ಇನ್ನೊಂದು ಅಕ್ಕನ ಶೀಷೆಯಲ್ಲಿ ಸಾಕ್ಷಾತ್ತಾಗಿಯೇ ಇತ್ತು.

ಮೊದಲು ಅಪ್ಪನದು. ನನಗೆ ಏಳು ವರ್ಷವಿದ್ದಾಗ, 1962ರಲ್ಲಿ, ಅಪ್ಪನಿಗೆ ಕ್ಷಯ ಎಂದು ತಿಳಿಯಿತು. ಆ ಹೆಸರು ಕೇಳಿದರೆ ಆಗ ಜನ ಅಂಗಳಕ್ಕೂ ಕಾಲಿಡುತ್ತಿರಲಿಲ್ಲ. ಅಪ್ಪನಿಗಿಂತ ಹದಿನೈದು ವರ್ಷ ಮೊದಲು ಅದೇ ಕಾಯಿಲೆ ತಗುಲಿದ್ದ ದೊಡ್ಡಪ್ಪ ತೋಟದ ಗುಡಿಸಲಿನಲ್ಲಿ ಒಬ್ಬನೇ ಸತ್ತಿದ್ದ. ಅಪ್ಪ ಮಾತ್ರ ಮನೆಯಲ್ಲೇ ಉಳಿದ. ಚುಚ್ಚುಮದ್ದು, ಅನ್ನದಷ್ಟು ನುಂಗಬೇಕಾಗಿದ್ದ ಪಾಸ್ ಎಂಬ ಮದ್ದು, ಇವುಗಳ ಜೊತೆಗೆ ಐಸೋನಿಯಜಿಡ್ ಎಂಬ ಚಿಕ್ಕ ಬಿಳಿ ಮಾತ್ರೆ. ಮನೆಯಲ್ಲೇ ಇಟ್ಟುಕೊಂಡು ಕ್ಷಯಕ್ಕೆ ಔಷಧ ಕೊಡಬಹುದೆಂದು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ನೆರೆಯ ಮದರಾಸು. 1956ರಲ್ಲಿ ಅಲ್ಲಿ ಶುರುವಾದ ಕೇಂದ್ರವೊಂದು, ಬಡವರ ಇಕ್ಕಟ್ಟಿನ ಮನೆಗಳಲ್ಲಿ ಐಸೋನಿಯಜಿಡ್ ಮತ್ತು ಪಾಸ್ ತೆಗೆದುಕೊಂಡವರಿಗೂ ಸ್ಯಾನಟೋರಿಯಂನಲ್ಲಿ ಹಾಲು ಮೊಟ್ಟೆ ತಿಂದು ಮಲಗಿದವರಿಗೂ ಹೆಚ್ಚುಕಡಿಮೆ ಒಂದೇ ಗುಣ ಎಂದು 1959ರಲ್ಲಿ ಪ್ರಕಟಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಪ್ಪ ಗುಡಿಸಲಿಗೆ ಹೋಗದೆ ನಡುಮನೆಯಲ್ಲೇ ಮಲಗಿದ್ದರ ಹಿಂದೆ ಇಷ್ಟೆಲ್ಲ ಇತ್ತು.

ಹತ್ತು ಹನ್ನೆರಡು ದಿನಕ್ಕೆ ಅಪ್ಪನಿಗೆ ಹಸಿವು ಬಂತು. ಹದಿನೈದನೆಯ ದಿನ ಮುದ್ದೆ ಕೇಳಿದ. ತಿಂಗಳಿಗೆ ಜಗುಲಿಗೆ ಬಂದು ಕೂತು ದಾರಿಹೋಕರನ್ನು ಮಾತಾಡಿಸತೊಡಗಿದ. ಅವ್ವ ಈ ದಿನಗಳ ಎಣಿಕೆಯನ್ನು ಮರೆಯಲಿಲ್ಲ. ಮದ್ದು ಎಂದರೆ ಹೀಗಿರಬೇಕು, ಹತ್ತು ದಿನಕ್ಕೆ ಮುಖ ತೋರಿಸಬೇಕು ಎಂಬ ಅಳತೆಗೋಲು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ನನ್ನ ಮನಸ್ಸಿನಲ್ಲೂ.

ಈ ಐಸೋನಿಯಜಿಡ್‌ನ ಕಥೆ ವಿಚಿತ್ರ. ಅದನ್ನು ಮೊದಲು ತಯಾರಿಸಿದ್ದು 1912ರಲ್ಲಿ, ಪ್ರಾಗ್ ನಗರದ ಇಬ್ಬರು ರಸಾಯನ ವಿಜ್ಞಾನಿಗಳು. ಏತಕ್ಕೂ ಬಾರದ ಪುಡಿ ಎಂದು ನಲವತ್ತು ವರ್ಷ ಅದು ಪುಸ್ತಕದಲ್ಲೇ ಉಳಿಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಜರ್ಮನ್ನರು ಇಂಧನವಾಗಿ ಬಳಸುತ್ತಿದ್ದ ಹೈಡ್ರಜೀನ್ ಎಂಬ ರಾಸಾಯನಿಕ ಅಗ್ಗಕ್ಕೆ ಸಿಗತೊಡಗಿ, ಔಷಧ ಕಂಪನಿಗಳು ಅದರಿಂದ ಏನೇನು ಮಾಡಬಹುದೆಂದು ನೋಡಿದವು ಎಂದು ಹೇಳುತ್ತಾರೆ. 1952ರ ಹೊತ್ತಿಗೆ ಐಸೋನಿಯಜಿಡ್ ಕ್ಷಯದ ಕ್ರಿಮಿಯನ್ನು ಕೊಲ್ಲುತ್ತದೆಂದು ಮೂರು ಕಂಪನಿಗಳು ಬೇರೆಬೇರೆಯಾಗಿ ಕಂಡುಕೊಂಡಿದ್ದವು. ಅದರ ಅಣುವಿಗೆ ಒಂದು ಪುಟ್ಟ ಬಾಲ ಅಂಟಿಸಿ ರೋಷ್ ಕಂಪನಿಯವರು ಇನ್ನೊಂದು ಮದ್ದನ್ನೂ ಮಾಡಿದರು. ಅದರ ಹೆಸರು ಇಪ್ರೊನಿಯಜಿಡ್. ಅಪ್ಪನ ಮಾತ್ರೆಯ ಒಡಹುಟ್ಟು.

ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ಸೀ ವ್ಯೂ ಎಂಬ ದೊಡ್ಡ ಕ್ಷಯದ ಆಸ್ಪತ್ರೆ ಇತ್ತು. ಅಲ್ಲಿ ಇರ್ವಿಂಗ್ ಸೆಲಿಕಾಫ್ ಮತ್ತು ಎಡ್ವರ್ಡ್ ರೋಬಿಟ್ಸೆಕ್ ಎಂಬ ವೈದ್ಯರು, ಬೇರೆ ಯಾವ ಮದ್ದಿಗೂ ಬಗ್ಗದ ರೋಗಿಗಳಿಗೆ ಈ ಎರಡು ಮಾತ್ರೆಗಳನ್ನು ಕೊಟ್ಟರು. ರೋಗಿಗಳ ತೂಕ ಏರಿತು, ಜ್ವರ ಇಳಿಯಿತು. ಅಷ್ಟೇ ಅಲ್ಲ, ಸಾವಿಗೆ ಕಾಯುತ್ತ ಮಲಗಿದ್ದವರು ಎದ್ದು ಕೂತು ಹರಟಿದರು, ಹಾಡಿದರು, ವಾರ್ಡಿನಲ್ಲೇ ಕುಣಿದರು. ಅವರು ಕುಣಿಯುವ ಚಿತ್ರ 1952ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಅಚ್ಚಾಯಿತು. ಸಾಯುವವರು ಬದುಕಿದರೆ ಕುಣಿಯದೆ ಇರುತ್ತಾರೆಯೇ ಎಂದು ಬಹಳ ಮಂದಿ ಅಂದುಕೊಂಡಿರಬೇಕು. ಆದರೆ ಕೆಲವರಿಗೆ ಇದು ಬರಿಯ ಸಂತೋಷವಲ್ಲ, ಮದ್ದೇ ಮನಸ್ಸಿಗೆ ಏನೋ ಮಾಡುತ್ತಿದೆ ಎಂಬ ಗುಮಾನಿ ಹುಟ್ಟಿತು. ಸಿನ್ಸಿನಾಟಿಯ ಮ್ಯಾಕ್ಸ್ ಲೂರಿ ಎಂಬ ಮನೋವೈದ್ಯರು ಕ್ಷಯವೇ ಇಲ್ಲದ ಖಿನ್ನತೆಯ ರೋಗಿಗಳಿಗೆ ಐಸೋನಿಯಜಿಡ್ ಕೊಟ್ಟು ನೋಡಿದರು. ಅಂದರೆ ಅಪ್ಪ ನುಂಗುತ್ತಿದ್ದ ಅದೇ ಬಿಳಿ ಮಾತ್ರೆ. ಹೆಚ್ಚಿನವರು ಚೇತರಿಸಿಕೊಂಡರೆಂದು ಬರೆದರು. ಆ ದಾರಿಯಲ್ಲಿ ಮುಂದಕ್ಕೆ ಹೋದವರು ಕಡಿಮೆ.

ಇಪ್ರೊನಿಯಜಿಡ್ ಮಾತ್ರ ಬೇರೆ ದಾರಿ ಹಿಡಿಯಿತು. 1952ರಲ್ಲಿ ಷಿಕಾಗೋದ ಆಲ್ಬರ್ಟ್ ಟ್ಸೆಲ್ಲರ್ ಎಂಬ ಜೀವರಸಾಯನಜ್ಞ, ಅದು ಮಾನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ ಎಂದು ತೋರಿಸಿದ. ನಮ್ಮ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ನಾರ್‌ಅಡ್ರಿನಲಿನ್, ಸಿರೊಟೊನಿನ್ ಮುಂತಾದ ರಾಸಾಯನಿಕಗಳ ಮೂಲಕ. ಕೆಲಸ ಮುಗಿದ ಮೇಲೆ ಅವುಗಳನ್ನು ಮುರಿದು ಹಾಕುವ ಜಾಡಮಾಲಿ ಈ ಕಿಣ್ವ. ಜಾಡಮಾಲಿಗೆ ರಜೆ ಕೊಟ್ಟರೆ ಆ ರಾಸಾಯನಿಕಗಳು ಉಳಿದುಕೊಳ್ಳುತ್ತವೆ.

ಇಲ್ಲಿ ನಮ್ಮ ನೆಲದ ಒಂದು ಬೇರು ಈ ಕಥೆಯೊಳಕ್ಕೆ ಬರುತ್ತದೆ. ಸರ್ಪಗಂಧಿ. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಆಗುತ್ತದೆಂದು 1931ರಲ್ಲೇ ಬರೆದಿದ್ದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ರಕ್ತದೊತ್ತಡಕ್ಕೆ ಅದರ ಉಪಯೋಗವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಹೊರಗಿನವರ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಕಂಪನಿ ಅದರಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿತು. ರೆಸರ್ಪಿನ್ ಕೊಟ್ಟ ಪ್ರಾಣಿಗಳು ಮಂಕಾಗಿ ಮೂಲೆ ಸೇರುತ್ತಿದ್ದವು. ಅದನ್ನು ರಕ್ತದೊತ್ತಡಕ್ಕೆಂದು ತೆಗೆದುಕೊಂಡ ಕೆಲವರೂ ಖಿನ್ನರಾದರೆಂದು ವೈದ್ಯರು ಬರೆದರು. ಆದರೆ ಮೊದಲು ಇಪ್ರೊನಿಯಜಿಡ್ ಕೊಟ್ಟು ಆಮೇಲೆ ರೆಸರ್ಪಿನ್ ಕೊಟ್ಟರೆ, ಅವೇ ಪ್ರಾಣಿಗಳು ಮಂಕಾಗುವ ಬದಲು ಚುರುಕಾಗಿ ಓಡಾಡಿದವು.

ಈ ಸುದ್ದಿ ಹಿಡಿದವರು ನೇಥನ್ ಕ್ಲೈನ್. ನ್ಯೂಯಾರ್ಕ್ ರಾಜ್ಯದ ರಾಕ್‌ಲೆಂಡ್ ಆಸ್ಪತ್ರೆಯ ಮನೋವೈದ್ಯರು. ಸರ್ಪಗಂಧಿಯನ್ನು ಅಮೆರಿಕದ ಮಾನಸಿಕ ರೋಗಿಗಳಿಗೆ ಕೊಟ್ಟು 1954ರಲ್ಲೇ ಹೆಸರು ಮಾಡಿದ್ದವರು. ಅವರು ಮತ್ತು ಸಂಗಡಿಗರಾದ ಲೂಮರ್, ಸಾಂಡರ್ಸ್, ಇಪ್ರೊನಿಯಜಿಡ್ಡನ್ನು ಖಿನ್ನತೆಯ ರೋಗಿಗಳಿಗೆ ಕೊಟ್ಟು, 1957ರ ಏಪ್ರಿಲ್‌ನಲ್ಲಿ ಫಲಿತಾಂಶ ಹೇಳಿದರು. ಮದ್ದು ಆಗಲೇ ಕ್ಷಯಕ್ಕೆಂದು ಅಂಗಡಿಯಲ್ಲಿ ಸಿಗುತ್ತಿದ್ದುದರಿಂದ ಒಂದು ವರ್ಷದೊಳಗೆ ಸುಮಾರು ನಾಲ್ಕು ಲಕ್ಷ ಜನ ಖಿನ್ನತೆಗಾಗಿ ಅದನ್ನು ತೆಗೆದುಕೊಂಡರೆಂಬ ಲೆಕ್ಕವಿದೆ. ಕ್ಲೈನ್‌ಗೆ 1964ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂತು. ಕೀರ್ತಿ ಯಾರದ್ದೆಂಬ ಜಗಳ ಕೋರ್ಟು ಹತ್ತಿತು. ಅಷ್ಟರಲ್ಲಿ ಆ ಮದ್ದೇ ಇರಲಿಲ್ಲ. ಕಾಮಾಲೆ ಬರುತ್ತದೆಂದು 1961ರಲ್ಲಿ ಅಮೆರಿಕದಲ್ಲಿ ಅದನ್ನು ನಿಲ್ಲಿಸಿಯಾಗಿತ್ತು. ಆದರೆ ಅದರ ಜಾತಿಯ ಫಿನೆಲ್ಜೀನ್, ಟ್ರಾನಿಲ್‌ಸಿಪ್ರೊಮಿನ್ ಮೊದಲಾದವು ಬಂದಿದ್ದವು. ಇದು ಮೊದಲನೆಯ ಕವಲು.

ಈಗ ಅಕ್ಕನ ಶೀಷೆ.

1976ರಲ್ಲಿ ಅಕ್ಕ ಎರಡನೆಯ ಬಾಣಂತನಕ್ಕೆ ತವರಿಗೆ ಬಂದಳು. ಗಂಡುಮಗು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವಳ ಮಾತು ಕಡಿಮೆಯಾಯಿತು. ಬೆಳಗಿನ ಜಾವ ಮೂರಕ್ಕೇ ಎದ್ದು ಕತ್ತಲಲ್ಲಿ ಗೋಡೆ ನೋಡುತ್ತ ಕೂರುವಳು. ಮಗು ಅತ್ತರೆ ನೋಡುವಳು, ಕೈಚಾಚುತ್ತಿರಲಿಲ್ಲ. ಬೆಳಿಗ್ಗೆ ತೀರ ಕೆಟ್ಟದು, ಸಂಜೆಗೆ ಕೊಂಚ ವಾಸಿ. ಊಟ ಬಿಟ್ಟಳು, ಎದೆಹಾಲು ಬತ್ತಿತು. ಗಾಳಿ ಸೋಕಿದೆ ಎಂದರು, ದೇವರು ಕೇಳಿಸಿದರು, ತಾಯಿತ ಕಟ್ಟಿಸಿದರು. ಕೊನೆಗೆ ಭಾವ ಬಂದು, ಬೆಂಗಳೂರಿಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದರು. ವಯಸ್ಸಾದ ಆ ಡಾಕ್ಟರು ಅಕ್ಕನನ್ನು ಅರ್ಧ ಗಂಟೆ ಮಾತಾಡಿಸಿ, ಇಮಿಪ್ರಮಿನ್ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಒಂದರಿಂದ ಶುರುಮಾಡಿ ಮೂರಕ್ಕೆ ಏರಿಸಬೇಕು. ಭಾವನ ಕಡೆ ತಿರುಗಿ ಹೇಳಿದರಂತೆ: "ನೋಡಿ, ಮೊದಲು ತೊಂದರೆ ಕಾಣುತ್ತೆ, ಆಮೇಲೆ ಗುಣ ಕಾಣುತ್ತೆ. ಮೂರು ವಾರ ಆಗೋತನಕ ಏನಂದ್ರೂ ಬಿಡಬೇಡಿ."

ಭಾವ ಅದನ್ನು ಅವ್ವನಿಗೆ ಹೇಳಿ, ಶಾಲೆಯ ಕೆಲಸಕ್ಕೆ ರಜೆ ಇಲ್ಲವೆಂದು ಊರಿಗೆ ಹೋದರು. ನಾಲ್ಕನೆಯ ದಿನಕ್ಕೆ ಅಕ್ಕನ ಬಾಯಿ ಒಣಗತೊಡಗಿತು. ಎಂಟನೆಯ ದಿನಕ್ಕೆ ಮಲಬದ್ಧತೆ. ಎದ್ದು ನಿಂತರೆ ಕಣ್ಣುಕತ್ತಲೆ. ಹತ್ತನೆಯ ದಿನ ಬಚ್ಚಲಿಗೆ ಹೋಗುವಾಗ ಬಿದ್ದಳು. ನಾನು ಬೆಂಗಳೂರಿನಲ್ಲಿ ಡಿ.ಫಾರ್ಮಾ ಓದುತ್ತಿದ್ದವನು, ರಜೆಗೆ ಬಂದಿದ್ದೆ. ಮನೆಗೆ ನಾನೇ ಅರ್ಧ ಡಾಕ್ಟರು.

"ನಿಮ್ಮಪ್ಪನ ಮಾತ್ರೆ ಹತ್ತು ದಿನಕ್ಕೆ ಹಸಿವು ತಂತು ಕಣೋ. ಇದು ನೋಡು, ಇದ್ದ ಶಕ್ತಿನೂ ಕಿತ್ಕೊಂಡು ಹೋಗ್ತಾ ಐತೆ. ಏನ್ ಮಾಡನ ಹೇಳು" ಅಂದಳು ಅವ್ವ.

ನಾನು ಶೀಷೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. "ಒಗ್ತಾ ಇಲ್ಲ ಅನ್ಸುತ್ತೆ ಕಣವ್ವ. ನಿಲ್ಸಣ" ಅಂದೆ.

ಹನ್ನೊಂದನೆಯ ದಿನ ನಿಲ್ಲಿಸಿದೆವು. ಶೀಷೆ ಗೂಡಿಗೆ ಹೋಯಿತು, ಓಮದ ಶೀಷೆಯ ಪಕ್ಕಕ್ಕೆ.

ಆ ಮಾತ್ರೆಯ ಹುಟ್ಟು ಹೇಗಾಯಿತೆಂದು ಆಗ ನನಗೆ ಗೊತ್ತಿದ್ದಿದ್ದರೆ! ಸ್ವಿಟ್ಸರ್ಲೆಂಡಿನ ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ಮ್ಯೂನ್‌ಸ್ಟರ್‌ಲಿಂಗೆನ್ ಎಂಬ ಚಿಕ್ಕ ಊರಿನಲ್ಲಿ ಒಂದು ಮಾನಸಿಕ ಆಸ್ಪತ್ರೆ. ಅಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯರು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬುದ್ಧಿಭ್ರಮಣೆಗೆ ಮದ್ದಾಗಿ ಬಂದು ಎಲ್ಲೆಲ್ಲೂ ಅದೇ ಮಾತು. ಆದರೆ ಕೂನ್‌ರ ಆಸ್ಪತ್ರೆಗೆ ಅದನ್ನು ಬೇಕಾದಷ್ಟು ಕೊಳ್ಳುವ ಶಕ್ತಿ ಇರಲಿಲ್ಲ. ಅವರು ಬಾಸೆಲ್ಲಿನ ಗೈಗಿ ಕಂಪನಿಯನ್ನು ಕೇಳಿದರು: ನಿಮ್ಮಲ್ಲಿ ಅಂಥದ್ದೇನಾದರೂ ಇದೆಯೇ? ಗೈಗಿಯವರ ಬಳಿ 1899ರಲ್ಲೇ ಯಾರೋ ತಯಾರಿಸಿ ಬಿಟ್ಟಿದ್ದ ವಸ್ತುವೊಂದರ ಸಂತತಿ ಇತ್ತು. ಮೂರು ಉಂಗುರಗಳು ಜೋಡಿಸಿಕೊಂಡಂಥ ಅಣು. ಅದಕ್ಕೇ ಈ ಜಾತಿಗೆ ಟ್ರೈಸೈಕ್ಲಿಕ್, ತ್ರಿವಲಯ, ಎಂಬ ಹೆಸರು. ಜಿ 22355 ಎಂಬ ನಂಬರಿನ ಮದ್ದು ಮ್ಯೂನ್‌ಸ್ಟರ್‌ಲಿಂಗೆನ್‌ಗೆ ಬಂತು.

ಬುದ್ಧಿಭ್ರಮಣೆಗೆ ಅದು ಏನೇನೂ ಪ್ರಯೋಜನವಾಗಲಿಲ್ಲ. ಕೆಲವು ರೋಗಿಗಳು ಮೊದಲಿಗಿಂತ ಕೆರಳಿದರು. ಒಬ್ಬನಂತೂ ಮಲಗುವ ಅಂಗಿಯಲ್ಲೇ ಸೈಕಲ್ ಹತ್ತಿ ಹಾಡಿಕೊಳ್ಳುತ್ತ ಪಕ್ಕದ ಊರಿಗೆ ಹೋದನೆಂಬ ಕಥೆಯಿದೆ. ಕಂಪನಿಗೆ ಇದು ಸೋತ ಸರಕು. ಕೂನ್‌ಗೆ ಮಾತ್ರ, ಶಾಂತರಿದ್ದವರನ್ನು ಕೆರಳಿಸುವ ಮದ್ದು ಕುಗ್ಗಿಹೋದವರನ್ನು ಎತ್ತಬಹುದಲ್ಲ ಎನ್ನಿಸಿತು. 1956ರ ಜನವರಿಯಲ್ಲಿ ತೀವ್ರ ಖಿನ್ನತೆಯ ಒಬ್ಬ ಹೆಂಗಸಿಗೆ ಕೊಟ್ಟರು. ವಾರದೊಳಗೆ ಅವಳಲ್ಲಿ ಬದಲಾವಣೆ ಕಂಡಿತು. ಫೆಬ್ರವರಿ ಮೊದಲಲ್ಲಿ ಕಂಪನಿಗೆ ಕಾಗದ ಬರೆದರು. ಸುಮಾರು ನಲವತ್ತು ರೋಗಿಗಳನ್ನು ನೋಡಿದ ಮೇಲೆ 1957ರ ಆಗಸ್ಟ್‌ನಲ್ಲಿ ಲೇಖನ ಅಚ್ಚಾಯಿತು. ಮುಂದಿನ ತಿಂಗಳು ಜ್ಯೂರಿಕ್ಕಿನ ವಿಶ್ವ ಮನೋವೈದ್ಯ ಸಮ್ಮೇಳನದಲ್ಲಿ ಅವರು ಅದನ್ನು ಓದಿದಾಗ ಕೇಳಲು ಕೂತಿದ್ದವರು ಹನ್ನೆರಡು ಮಂದಿಯಂತೆ. ಅದೇ ಇಮಿಪ್ರಮಿನ್.

ಆ ಹೆಂಗಸಿಗೆ ವಾರದೊಳಗೆ ಗುಣ ಕಂಡದ್ದು ಅದೃಷ್ಟ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಎಂಥವರಿಗೆ ಅದು ಚೆನ್ನಾಗಿ ಹಿಡಿಯುತ್ತದೆಂದು ಕೂನ್ ಬರೆದ ವಿವರವನ್ನು ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಮಾತು, ನಡೆ ಎಲ್ಲ ನಿಧಾನ. ನಿದ್ದೆಯಿಲ್ಲ, ಯಾವುದರಲ್ಲೂ ಸಂತೋಷವಿಲ್ಲ. ಸ್ವಿಟ್ಸರ್ಲೆಂಡಿನಲ್ಲಿ ಕೂತು ಆ ಮನುಷ್ಯ ನಮ್ಮ ಅಕ್ಕನನ್ನೇ ನೋಡಿ ಬರೆದಂತಿತ್ತು.

ಎರಡು ಕವಲುಗಳೂ ಹೋಗಿ ಮುಟ್ಟುವುದು ಒಂದೇ ಜಾಗಕ್ಕೆ, ಹೋಗುವ ದಾರಿ ಬೇರೆ. ಮೊದಲನೆಯದು ಜಾಡಮಾಲಿಗೆ ರಜೆ ಕೊಡುತ್ತದೆ ಎಂದೆನಲ್ಲ. ಇಮಿಪ್ರಮಿನ್ ಜಾಡಮಾಲಿಯ ತಂಟೆಗೆ ಹೋಗುವುದಿಲ್ಲ. ಹೊರಗೆ ಬಿಟ್ಟ ರಾಸಾಯನಿಕವನ್ನು ನರ ಮತ್ತೆ ಒಳಕ್ಕೆ ಎಳೆದುಕೊಳ್ಳುವ ಬಾಗಿಲೊಂದಿದೆ, ಅದನ್ನು ಮುಚ್ಚಿ ಹಿಡಿಯುತ್ತದೆ. ಇದನ್ನು 1961ರ ಸುಮಾರಿಗೆ ತೋರಿಸಿಕೊಟ್ಟ ಜೂಲಿಯಸ್ ಆಕ್ಸೆಲ್‌ರಾಡ್‌ಗೆ 1970ರಲ್ಲಿ ನೊಬೆಲ್ ಬಂತು. ಸೋಜಿಗವೆಂದರೆ, ಜಾಡಮಾಲಿಯ ರಜೆಯಾಗಲಿ ಬಾಗಿಲು ಮುಚ್ಚುವುದಾಗಲಿ ಕೆಲವೇ ಗಂಟೆ, ಹೆಚ್ಚೆಂದರೆ ಕೆಲವು ದಿನಗಳ ಕೆಲಸ. ಮನಸ್ಸು ತಿಳಿಯಾಗುವುದಕ್ಕೆ ಮಾತ್ರ ವಾರಗಳು ಬೇಕು. ಆದ್ದರಿಂದ ರಾಸಾಯನಿಕ ಕಡಿಮೆಯಾದದ್ದೇ ಖಿನ್ನತೆ, ತುಂಬಿಸಿದರೆ ಗುಣ, ಎಂಬ ಅರವತ್ತರ ದಶಕದ ಸುಲಭ ಲೆಕ್ಕ ಈಗ ನಿಲ್ಲುವುದಿಲ್ಲ. ನಡುವಿನ ಆ ವಾರಗಳಲ್ಲಿ ಮಿದುಳು ತನ್ನನ್ನು ತಾನೇ ನಿಧಾನವಾಗಿ ಹೊಂದಿಸಿಕೊಳ್ಳುತ್ತದೆ. ಬಾಯಿ ಒಣಗುವುದು, ತಲೆ ಸುತ್ತುವುದು ಇವೆಲ್ಲ ಇಮಿಪ್ರಮಿನ್ ದೇಹದ ಬೇರೆ ಬೇರೆ ಕಡೆ ಕೈಯಾಡಿಸುವುದರಿಂದ ಆಗುವಂಥವು. ಅವಕ್ಕೆ ವಾರ ಬೇಡ, ದಿನ ಸಾಕು. ಮೊದಲು ತೊಂದರೆ, ಆಮೇಲೆ ಗುಣ ಎಂದು ಡಾಕ್ಟರು ಹೇಳಿದ್ದು ಇದನ್ನೇ. ನಾವು ಮೊದಲರ್ಧವನ್ನು ಕಂಡು ಎರಡನೆಯರ್ಧಕ್ಕೆ ಕಾಯಲಿಲ್ಲ.

ಮೊದಲನೆಯ ಕವಲಿನ ತೊಂದರೆ ಇನ್ನೊಂದು ಬಗೆಯದು. ಡಿ.ಫಾರ್ಮಾ ತರಗತಿಯಲ್ಲಿ ನಮ್ಮ ಮೇಷ್ಟ್ರು ಆ ಮದ್ದು ತೆಗೆದುಕೊಳ್ಳುವವರು ಚೀಸ್ ತಿನ್ನಬಾರದು ಎಂದಾಗ ಹುಡುಗರೆಲ್ಲ ನಕ್ಕೆವು. ಚೀಸ್ ಕಂಡವರು ನಮ್ಮಲ್ಲಿ ಯಾರಿದ್ದರು? ಮೇಷ್ಟ್ರು ನಗಲಿಲ್ಲ. "ಒಣಮೀನು ತಿನ್ನೋರು ಕೈ ಎತ್ತಿ" ಅಂದರು. ಹತ್ತು ಕೈ ಎದ್ದವು. "ಅದೂ ಕೂಡದು" ಅಂದರು.

ನಕ್ಕವರು ನಾವು ಮಾತ್ರವಲ್ಲ. ಅರವತ್ತರ ದಶಕದ ಮೊದಲಲ್ಲಿ ಈ ಮದ್ದು ತೆಗೆದುಕೊಂಡ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ರಕ್ತದೊತ್ತಡ ಆಕಾಶಕ್ಕೆ, ಕೆಲವರಿಗೆ ಮಿದುಳಿನಲ್ಲಿ ರಕ್ತಸ್ರಾವ, ಸಾವು. ಕಾರಣ ತಿಳಿಯದು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ತರುಣ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ಈ ಬಗ್ಗೆ 1963ರಲ್ಲಿ ವೈದ್ಯ ಪತ್ರಿಕೆಗೆ ಬರೆದಾಗ, ನಾಟಿಂಗ್‌ಹ್ಯಾಮ್‌ನ ಒಬ್ಬ ಔಷಧಗಾರರು ಕಾಗದ ಹಾಕಿದರು: ನನ್ನ ಹೆಂಡತಿಗೆ ಚೀಸ್ ತಿಂದಾಗಲೆಲ್ಲ ಹೀಗಾಗುತ್ತಿದೆ, ಇದಕ್ಕೂ ಮದ್ದಿಗೂ ಸಂಬಂಧವಿರಬಹುದೇ? ವೈದ್ಯರು ಮೊದಲು ನಕ್ಕರು. ಆಮೇಲೆ ರೋಗಿಗಳು ಏನು ತಿಂದಿದ್ದರೆಂದು ವಿಚಾರಿಸುತ್ತ ಹೋದರೆ ಎಲ್ಲೆಲ್ಲೂ ಚೀಸೇ. ಹಳಸಿ ಹದಗೊಂಡ ಚೀಸಿನಲ್ಲಿ ಟೈರಮಿನ್ ಎಂಬ ವಸ್ತುವಿರುತ್ತದೆ. ಅದನ್ನು ಕರುಳಲ್ಲೂ ಯಕೃತ್ತಿನಲ್ಲೂ ಮುರಿದು ಹಾಕುವುದು ಅದೇ ಜಾಡಮಾಲಿ. ಅವನಿಗೆ ರಜೆ ಕೊಟ್ಟರೆ ಟೈರಮಿನ್ ನೇರ ರಕ್ತಕ್ಕೆ ಇಳಿದು ಒತ್ತಡ ಏರಿಸುತ್ತದೆ. ಇದರಲ್ಲಿ ಮನಸ್ಸು ಹಿಂಡುವ ಒಂದು ವಿಷಯವಿದೆ. ಈ ಕಿಣ್ವವನ್ನು 1928ರಲ್ಲಿ ಮೊದಲು ಕಂಡುಹಿಡಿದಾಕೆ ಕೇಂಬ್ರಿಜ್‌ನ ಮೇರಿ ಹೇರ್. ಆಕೆ ಅದಕ್ಕೆ ಇಟ್ಟ ಹೆಸರೇ ಟೈರಮಿನ್ ಆಕ್ಸಿಡೇಸ್. ಟೈರಮಿನ್ ಎಂಬುದು ಚೀಸಿಗೆ ಗ್ರೀಕಿನಲ್ಲಿರುವ ಹೆಸರಿನಿಂದ ಬಂದ ಪದ. ಎಚ್ಚರಿಕೆ ಮೂವತ್ತೈದು ವರ್ಷ ಹೆಸರಿನೊಳಗೇ ಕೂತಿತ್ತು, ಓದಿದವರಿಲ್ಲ. ಕೊನೆಗೆ ಓದಿದವನು ಹೆಂಡತಿಯ ತಟ್ಟೆಯ ಮೇಲೆ ಕಣ್ಣಿಟ್ಟಿದ್ದ ಒಬ್ಬ ಅಂಗಡಿಯವನು. ನಮ್ಮ ಕಸುಬಿನವನೆಂದು ನನಗೆ ಸ್ವಲ್ಪ ಹೆಮ್ಮೆ.

ಎರಡು ಕವಲುಗಳನ್ನು ಎದುರುಬದುರು ನಿಲ್ಲಿಸಿ ನೋಡಿದ್ದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ. 1965ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಸುಮಾರು 250 ರೋಗಿಗಳನ್ನು ನಾಲ್ಕು ಗುಂಪು ಮಾಡಿ ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮಿನ್, ಒಂದಕ್ಕೆ ಫಿನೆಲ್ಜೀನ್, ಒಂದಕ್ಕೆ ಬರಿಯ ಹುಸಿಮಾತ್ರೆ ಕೊಟ್ಟರು. ನಾಲ್ಕು ವಾರದ ಕೊನೆಗೆ ಬಹುಪಾಲು ಗುಣವಾದವರು ವಿದ್ಯುತ್ ಚಿಕಿತ್ಸೆಯಲ್ಲಿ ನೂರಕ್ಕೆ 71, ಇಮಿಪ್ರಮಿನ್‌ನಲ್ಲಿ 52, ಹುಸಿಮಾತ್ರೆಯಲ್ಲಿ 39, ಫಿನೆಲ್ಜೀನ್‌ನಲ್ಲಿ 30. ಚೀಸಿನ ಭಯದ ಮೇಲೆ ಈ ಅಂಕಿ ಬಂದು ಮೊದಲನೆಯ ಕವಲು ಹೆಚ್ಚುಕಡಿಮೆ ಮೂಲೆ ಸೇರಿತು. ಅದು ಪೂರ್ತಿ ನ್ಯಾಯವಾಗಿರಲಿಲ್ಲ. ಕೊಟ್ಟ ಪ್ರಮಾಣವೂ ಕಾಲವೂ ಸಾಲದೆಂದು ಆಮೇಲಿನವರು ಹೇಳಿದರು. ಅತಿಯಾಗಿ ನಿದ್ದೆ ಮಾಡುವ, ಅತಿಯಾಗಿ ತಿನ್ನುವ, ಒಳ್ಳೆಯ ಸುದ್ದಿ ಬಂದಾಗ ಅರಳಿ ಮತ್ತೆ ಮುದುಡುವ ಬಗೆಯ ಖಿನ್ನತೆಯಲ್ಲಿ ಫಿನೆಲ್ಜೀನೇ ಇಮಿಪ್ರಮಿನ್‌ಗಿಂತ ಮೇಲೆಂದು 1980ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾದವರು ತೋರಿಸಿದರು. ಮದ್ದು ಸೋತದ್ದಲ್ಲ, ತನ್ನದಲ್ಲದ ಅಖಾಡದಲ್ಲಿ ಕುಸ್ತಿಗೆ ಇಳಿದಿತ್ತು.

ಗೆದ್ದ ಇಮಿಪ್ರಮಿನ್ನಿಗೂ ಅದರ ತಂಗಿಯಾದ ಅಮಿಟ್ರಿಪ್ಟಿಲೀನ್‌ಗೂ ಒಂದು ಘೋರ ದೋಷವಿದೆ. ಒಮ್ಮೆಗೇ ಹೆಚ್ಚು ಹೊಟ್ಟೆಗೆ ಹೋದರೆ ಹೃದಯದ ಬಡಿತವನ್ನು ಕೆಡಿಸುತ್ತವೆ. ಬದುಕು ಬೇಡವೆಂದು ಕೂತವರ ಕೈಗೆ ಅಂಥ ಮದ್ದನ್ನೇ ಕೊಡಬೇಕಾದ ಕಷ್ಟ ವೈದ್ಯರದ್ದು. ಅದಕ್ಕಾಗಿ ಅನೇಕ ವೈದ್ಯರು ವಾರಕ್ಕಾಗುವಷ್ಟೇ ಬರೆಯುತ್ತಿದ್ದರು, ನಾನೂ ಮನೆಯವರ ಕೈಗೇ ಕೊಡುತ್ತಿದ್ದೆ. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲುಆಕ್ಸೆಟೀನ್ ಮತ್ತು ಅದರ ಬಳಗದವು ಜಗತ್ತಿನೆಲ್ಲೆಡೆ ಅಂಗಡಿಗಳ ಕಪಾಟು ತುಂಬಿದ್ದಕ್ಕೆ ಮುಖ್ಯ ಕಾರಣ ಇದೇ. ಅವು ಹೆಚ್ಚು ಗುಣ ಕೊಡುತ್ತವೆಂದಲ್ಲ, ಅಪಾಯ ಕಡಿಮೆಯೆಂದು. 2018ರಲ್ಲಿ 522 ಪರೀಕ್ಷೆಗಳನ್ನು ಒಟ್ಟುಹಾಕಿ 21 ಮದ್ದುಗಳನ್ನು ತೂಗಿದಾಗ ಎಲ್ಲವೂ ಹುಸಿಮಾತ್ರೆಗಿಂತ ಮೇಲೆಂದು ಕಂಡಿತು. ಗುಣದಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದು ಹಳೆಯ ಅಮಿಟ್ರಿಪ್ಟಿಲೀನೇ. ಹೊಸ ಮದ್ದುಗಳೂ ವಾರಗಟ್ಟಲೆ ಕಾಯಿಸುತ್ತವೆ. ಆ ಒಂದು ವಿಷಯದಲ್ಲಿ ಮೂರು ತಲೆಮಾರೂ ಒಂದೇ.

ಕೂನ್‌ರ ಬಗ್ಗೆ ಇನ್ನೊಂದು ಮಾತು ಹೇಳದೆ ಬಿಟ್ಟರೆ ಚರಿತ್ರೆಗೆ ದ್ರೋಹವಾದೀತು. ರೋಗಿಯ ಮಗ್ಗುಲಲ್ಲಿ ಕೂತು ಕೇಳಿದವರೆಂದು ನಾನು ಅವರನ್ನು ಬಹಳ ವರ್ಷ ಮನಸ್ಸಿನಲ್ಲೇ ಪೂಜಿಸಿದ್ದೆ. 2005ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಕಡತಗಳನ್ನು ಇತಿಹಾಸಕಾರರು ತೆರೆದರು. 2019ರಲ್ಲಿ ವರದಿ ಬಂತು. ದಶಕಗಳ ಕಾಲ ಆ ಆಸ್ಪತ್ರೆಯಲ್ಲಿ ಅರವತ್ತಕ್ಕೂ ಹೆಚ್ಚು ಹೊಸ ವಸ್ತುಗಳನ್ನು ಸಾವಿರಕ್ಕೂ ಮೀರಿದ ರೋಗಿಗಳ ಮೇಲೆ, ಬಹುಪಾಲು ಅವರನ್ನು ಸರಿಯಾಗಿ ಕೇಳದೆಯೇ, ಪರೀಕ್ಷಿಸಲಾಗಿತ್ತು. ಮಕ್ಕಳೂ ಅವರಲ್ಲಿದ್ದರು. ನಮ್ಮ ಅಕ್ಕನ ಕೈಗೆ ಬಂದ ಮಾತ್ರೆಯ ಹಿಂದೆ, ಬೇಡ ಎನ್ನುವ ಹಕ್ಕೂ ಇಲ್ಲದ ಎಷ್ಟೋ ಅಕ್ಕಂದಿರಿದ್ದರು. ಅಂಥವರ ಸಂಕಟದಿಂದ ಬಂದದ್ದನ್ನು ನಾನು ಹನ್ನೊಂದು ದಿನಕ್ಕೆ ಗೂಡಿಗೆ ಸೇರಿಸಿದೆ.

ಎಂಟು ತಿಂಗಳಾದ ಮೇಲೆ ಭಾವ ಹಠ ಹಿಡಿದು ಅಕ್ಕನನ್ನು ಮತ್ತೆ ಅದೇ ಡಾಕ್ಟರ ಬಳಿಗೆ ಕರೆದೊಯ್ದರು. ಡಾಕ್ಟರು ಬೈಯಲಿಲ್ಲವಂತೆ. "ಎಷ್ಟು ದಿನ ತಗೊಂಡ್ರಿ?" ಎಂದು ಕೇಳಿ, ಹನ್ನೊಂದು ಎಂದಾಗ ಸುಮ್ಮನೆ ತಲೆಯಾಡಿಸಿ, ಅದೇ ಮದ್ದನ್ನು ಬರೆದುಕೊಟ್ಟರಂತೆ. ಈ ಸಲ ಭಾವ ರಜೆ ಹಾಕಿ ಜೊತೆಯಲ್ಲೇ ಕೂತರು. ಬಾಯಿ ಒಣಗಿತು, ನೀರು ಕೊಟ್ಟರು. ತಲೆ ಸುತ್ತಿತು, ಕೈಹಿಡಿದು ಎಬ್ಬಿಸಿದರು. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅಕ್ಕ ತಾನಾಗಿ ಎದ್ದು ಬಂದು, "ಅವ್ವ, ಕಾಫಿಗೆ ಹಾಲು ಐತಾ?" ಅಂದಳಂತೆ. ಅವ್ವ ಆ ಮಾತನ್ನು ಸಾಯುವವರೆಗೂ ಹೇಳುತ್ತಿದ್ದಳು.

ಕ್ಷಯದವರು ವಾಸಿಯಾಯಿತೆಂದು ಮದ್ದು ಬಿಟ್ಟು ಕೆಡುತ್ತಾರೆ. ಖಿನ್ನತೆಯವರು ವಾಸಿಯಾಗುವುದಿಲ್ಲವೆಂದು ಬಿಟ್ಟು ಕೆಡುತ್ತಾರೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದದ್ದು ನಮ್ಮ ಮನೆಯ ತಪ್ಪು. ಅವ್ವನಿಗೆ ತಿಳಿಯದೆ ಆದದ್ದು, ಓದುತ್ತಿದ್ದ ನನಗೆ ಹಾಗೆನ್ನಲು ಬಾಯಿಲ್ಲ. ಅಂಗಡಿ ಇಟ್ಟ ಮೇಲೆ ಈ ಜಾತಿಯ ಮಾತ್ರೆ ಮೊದಲ ಸಲ ಕೊಳ್ಳಲು ಬಂದವರಿಗೆ ಕವರಿನ ಮೇಲೆ ಆ ದಿನದ ತಾರೀಖು ಬರೆಯುತ್ತಿರಲಿಲ್ಲ, ಮೂರು ವಾರ ಬಿಟ್ಟು ಬರುವ ತಾರೀಖು ಬರೆಯುತ್ತಿದ್ದೆ. "ಏನೇ ತೊಂದರೆ ಆದರೂ ಡಾಕ್ಟರನ್ನ ಕೇಳಿ, ನೀವಾಗಿ ಮಾತ್ರ ಬಿಡಬೇಡಿ. ಈ ತಾರೀಖಿನ ತನಕ ಮದ್ದಿನ ಮೇಲೆ ತೀರ್ಪು ಕೊಡಬೇಡಿ" ಎನ್ನುತ್ತಿದ್ದೆ.

ಆ ಎಂಟು ತಿಂಗಳು ಮಗು ಅವ್ವನ ಮಡಿಲಲ್ಲಿ ಬೆಳೆಯಿತು. ಮಾತು ಬಂದಾಗ ಅವ್ವನನ್ನೇ ಅಮ್ಮ ಎಂದು ಕರೆಯಿತು. ಅಕ್ಕ ಕೈಚಾಚಿ ಕರೆಯುವ ಹೊತ್ತಿಗೆ, ನಾನು ಕರೆಯುವುದನ್ನು ಕೇಳಿ ಕೇಳಿ ಅವಳನ್ನು ಅಕ್ಕ ಎಂದು ಕಲಿತುಬಿಟ್ಟಿತ್ತು. ಆಮೇಲೆ ಎಷ್ಟು ತಿದ್ದಿದರೂ ನಾಲಗೆ ತಿರುಗಲಿಲ್ಲ. ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ಮುಂದೆ ಅವಳು ಬಹಳ ವರ್ಷ ಚೆನ್ನಾಗಿಯೇ ಬಾಳಿದಳು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು. 2014ರಲ್ಲಿ ಸಕ್ಕರೆ ಕಾಯಿಲೆ ಕಾಲಿಗಿಳಿದು ತೀರಿಕೊಂಡಳು. ಹೆಣದ ಮುಂದೆ ನಲವತ್ತರ ಹತ್ತಿರದ ಅವಳ ಮಗ "ಅಕ್ಕಾ, ಅಕ್ಕಾ" ಎಂದು ಅಳುತ್ತಿದ್ದ. ದೂರದ ನೆಂಟರೊಬ್ಬರು ನನ್ನ ಪಕ್ಕಕ್ಕೆ ಬಂದು, "ಅವರು ತಮ್ಮನಾ?" ಎಂದು ಮೆಲ್ಲಗೆ ಕೇಳಿದರು.

"ಅಲ್ಲ, ತಮ್ಮ ನಾನು" ಅಂದೆ.